ಬಾಟಲಿಯಲ್ಲಿ ಕಾಣದ ಗೆರೆ

ಚಳಿ ಶುರುವಾಗಿ ಹತ್ತು ದಿನವಾಗಿತ್ತು. ಬೆಳಿಗ್ಗೆ ಆರೂಮುಕ್ಕಾಲು. ಗ್ಯಾರೇಜಿನ ತಗಡಿನಿಂದ ಇಬ್ಬನಿ ಇನ್ನೂ ತೊಟ್ಟಿಕ್ಕುತ್ತಿತ್ತು. ನಾನು ಒಳಗೆ ಒಂದು ಬಸ್ಸಿನ ಪಂಪು ಬಿಚ್ಚಿಕೊಂಡು ನೆಲದ ಮೇಲೆ ಕೂತಿದ್ದೆ. ಹೊರಗೆ ಯಾರೋ ಕಾರಿಗೆ ಸೆಲ್ಫ್ ಹೊಡೆಯುತ್ತಿದ್ದರು. ಕುರ್ರ್ ಕುರ್ರ್ ಎನ್ನುತ್ತದೆ, ಹತ್ತುವುದಿಲ್ಲ. ಇನ್ನು ನಾಲ್ಕು ಸಲ ಹೊಡೆದರೆ ಬ್ಯಾಟರಿ ಕೂತುಹೋಗುತ್ತದೆ ಎಂದು ಸದ್ದಿನಲ್ಲೇ ಗೊತ್ತಾಯಿತು. ಎದ್ದು ಹೋದೆ.

ಹಿಂದಿನ ಸಂಜೆ ಅಪ್ಪನನ್ನು ಕೇಳಿ ಗ್ಯಾರೇಜಿನ ಮುಂದಿನ ತೆರೆದ ಶೆಡ್ಡಿನಲ್ಲಿ ನಿಲ್ಲಿಸಿ ಹೋಗಿದ್ದ ಬಿಳಿ ಕಾರು. ಒಳಗೆ ಕೂತವರು ಸೆಲ್ಫ್ ಹೊಡೆಯುತ್ತಲೇ ಅದರ ಜತೆ ಮಾತಾಡುತ್ತಿದ್ದರು.

"ನಿನ್ನೆ ಎಷ್ಟು ಚೆನ್ನಾಗಿದ್ದೆ! ಇವತ್ತೇನು ಮುನಿಸು? ಹೊಸ ಎಣ್ಣೆ ರುಚಿ ಹತ್ತಲಿಲ್ವಾ?"

ನಾನು ಬಾನೆಟ್ಟಿನ ಮೇಲೆ ತಟ್ಟಿ, ಸಾಕು ಬಿಡಿ ಎಂದು ಕೈಸನ್ನೆ ಮಾಡಿದೆ.

"ಮೆಕ್ಯಾನಿಕ್ ಇದ್ದಾರಾ?"

ತಲೆಯಾಡಿಸಿದೆ.

"ಸ್ವಲ್ಪ ಕರೀತೀರಾ?"

ನಾನು ಬಾನೆಟ್ ಎತ್ತಿದೆ. ಅವರು ಇಳಿದು ಬಂದು ನನ್ನ ಗ್ರೀಸ್ ಹತ್ತಿದ ಕೈ ನೋಡಿದರು, ಮುಖ ನೋಡಿದರು, "ಓ" ಎಂದರು. ಆಮೇಲೆ ಅವರಿಗೇನು ಅನ್ನಿಸಿತೋ, ನಿಧಾನವಾಗಿ ಕೈಯಲ್ಲೇ ಹೇಳತೊಡಗಿದರು. ಗಾಳಿಯಲ್ಲಿ ಟ್ಯಾಂಕು ಬರೆದರು. ಅದಕ್ಕೆ ಏನೋ ಕುಡಿಸಿದರು. ಕಾರು ಕೆಮ್ಮುವುದನ್ನು ಕೆಮ್ಮಿ ತೋರಿಸಿದರು. ನನಗೆ ನಗು ತಡೆಯುವುದು ಕಷ್ಟವಾಯಿತು, ಆದರೂ ಸುಮ್ಮನೆ ನೋಡುತ್ತ ನಿಂತೆ.

ಪಕ್ಕದಲ್ಲೇ ಇದ್ದ ನಮ್ಮ ಮನೆಯ ಮೆಟ್ಟಿಲಿನಿಂದ ಅತ್ತೆ, ಅಪ್ಪನ ಅಕ್ಕ, ಕೂಗಿದಳು. "ಸ್ವಾಮಿ, ಅವಳಿಗೆ ಕಿವೀನೂ ಇದೆ, ಬಾಯೀನೂ ಇದೆ. ಬಾಯಿ ಮಾತ್ರ ಅವಳಪ್ಪನ ಸ್ಟೋರ್ ರೂಮಿದ್ದ ಹಾಗೆ. ಬೀಗ ಹಾಕಿ ಇಟ್ಟಿರ್ತಾಳೆ."

ಅವರ ಕಿವಿ ಕೆಂಪಾಯಿತು. ನಾನು ಕಾರ್ಬೊರೇಟರಿನ ಬಟ್ಟಲು ಬಿಚ್ಚಿ ಚೆಲ್ಲಿ, ಒರೆಸಿ, ಮತ್ತೆ ಹಾಕಿ, ಸೆಲ್ಫ್ ಹೊಡೆಯಿರಿ ಎಂದು ಕಣ್ಣಲ್ಲೇ ಹೇಳಿದೆ. ಹತ್ತಿತು.

"ಧೂಳಿರ್ಬೇಕು," ಎಂದರು. "ಇವತ್ತಿನದು ಲೆಕ್ಕಕ್ಕಿಲ್ಲ. ನಾಳೆಯಿಂದ ಒಂದು."

ನಮ್ಮ ಗ್ಯಾರೇಜಿನ ಹಿಂದಿನ ಗೋಡೆಗೂ ಏರೋಡ್ರಮ್ಮಿನ ತಂತಿಬೇಲಿಗೂ ನಡುವೆ ಒಂದು ಲಾರಿ ಹಿಡಿಸುವಷ್ಟೇ ಜಾಗ. ದೊಡ್ಡ ಏರೋಡ್ರಮ್ಮೇನಲ್ಲ. ಒಂದು ಶೆಡ್ಡು, ಒಂದು ಆಫೀಸು, ಗಾಳಿಯ ದಿಕ್ಕು ತೋರಿಸುವ ಚೀಲ ಕಟ್ಟಿದ ಕಂಬ, ಎರಡು ಸೀಟಿನ ಒಂದೇ ಒಂದು ವಿಮಾನ. ಬೆಟ್ಟದಾಚೆಯ ಆಸ್ಪತ್ರೆಗೆ ಐಸ್ ಪೆಟ್ಟಿಗೆಯಲ್ಲಿ ಔಷಧಿ ಒಯ್ಯುವುದು ಅದರ ಕೆಲಸ. ರಸ್ತೆಯಲ್ಲಾದರೆ ಐದು ಗಂಟೆ, ಮೇಲಾದರೆ ನಲವತ್ತು ನಿಮಿಷ. ಇವರು ಅದಕ್ಕೆ ಹೊಸದಾಗಿ ಬಂದ ಪೈಲಟ್ಟು. ಬಂದ ವಾರದೊಳಗೆ ಗ್ಯಾರೇಜಿನವರು ಅವರಿಗೆ ರೇಡಿಯೋ ಎಂದು ಹೆಸರಿಟ್ಟರು. ನನ್ನನ್ನು ಮೊದಲಿನಿಂದಲೂ ಮೂಗಿ ಎನ್ನುತ್ತಿದ್ದರು.

ನನಗೆ ಆಗ ಇಪ್ಪತ್ತಮೂರು. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಉಳಿದವರು ಪುಟ ತಿರುಗಿಸಿರುತ್ತಿದ್ದರು. ಇಂಜಿನ್ನು ಹಾಗಲ್ಲ, ನನಗಾಗಿ ಕಾಯುತ್ತಿತ್ತು. ಅಪ್ಪ ಅದನ್ನೇ ಕಲಿಸಿದ.

ಆ ವರ್ಷ ಪೆಟ್ರೋಲಿಗೆ ಬರ. ಬಂಕಿನ ಮುಂದೆ ಜನ ಕ್ಯಾನು ಸಾಲಿಟ್ಟು ಮನೆಗೆ ಹೋಗಿ ಊಟ ಮಾಡಿ ಬರುತ್ತಿದ್ದರು. ಸಕ್ಕರೆ ಕಾರ್ಖಾನೆಯಲ್ಲಿ ತೆಗೆಯುವ ಸ್ಪಿರಿಟ್ಟನ್ನು ಪೆಟ್ರೋಲಿಗೆ ಬೆರೆಸಿದರೆ ಗಾಡಿ ಓಡುತ್ತದೆಯೇ ನೋಡಿ ಎಂದು ವಿಮಾನದ ಹೆಡ್ಡಾಫೀಸಿನವರು ಇವರಿಗೆ ಹೇಳಿದ್ದರು. ಮೂರು ಪಾಲು ಪೆಟ್ರೋಲು, ಒಂದು ಪಾಲು ಸ್ಪಿರಿಟ್ಟು. ಪ್ರತಿ ರಾತ್ರಿ ಕಾರು ನಮ್ಮ ಶೆಡ್ಡಿನಲ್ಲಿ ಚಳಿಗೆ ನಿಲ್ಲಬೇಕು. ಬೆಳಿಗ್ಗೆ ಏಳಕ್ಕೆ ಅಪ್ಪನ ಎದುರಿಗೆ ಸೆಲ್ಫ್ ಹೊಡೆಯಬೇಕು. ಹತ್ತಿದರೆ ನೋಟ್‌ಬುಕ್ಕಿನಲ್ಲಿ ಅಪ್ಪನ ಸಹಿ.

"ಒಂದು ದಿನ ಹತ್ತದಿದ್ರೂ ಪರೀಕ್ಷೆ ಮುಗೀತು," ಎಂದರು ಅಪ್ಪನಿಗೆ. "ನನ್ನನ್ನು ವಾಪಸ್ ಕರೆಸಿಕೊಂಡು ಬೇರೆ ಕಡೆ ಹಾಕ್ತಾರೆ."

ಹಾಗೆನ್ನುವಾಗ ಒಂದು ಸಲ ನನ್ನ ಕಡೆ ನೋಡಿದರು.

ಆ ದಿನ ಕಾರಿನ ಟ್ಯಾಂಕಿನ ತಳದಿಂದ ಒಂದು ಬಾಟಲಿ ಎಣ್ಣೆ ಹಿಡಿದುಕೊಂಡೆ. ಕಿಟಕಿಯ ಹೊರಗಿನ ಕಲ್ಲಿನ ಮೇಲೆ, ಚಳಿಯಲ್ಲಿಟ್ಟೆ. ಬರಿಯ ಪೆಟ್ರೋಲಾದರೆ ನೀರು ತಳದಲ್ಲಿ ಕೂರುತ್ತದೆ, ಮೇಲೆ ಪೆಟ್ರೋಲು, ನಡುವೆ ಗೆರೆ, ಎಂಥ ಕುರುಡನಿಗೂ ಕಾಣುತ್ತದೆ. ಈ ಬಾಟಲಿಯಲ್ಲಿ ಮೊದಲು ಏನೂ ಕಾಣಲಿಲ್ಲ. ಅರ್ಧ ಗಂಟೆಗೆ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯಿತು. ಆಮೇಲೆ ತಳದಲ್ಲಿ ಗೆರೆ. ಒಳಗೆ ತಂದು ಬೆಚ್ಚಗೆ ಇಟ್ಟು ಅಲ್ಲಾಡಿಸಿದೆ. ಗೆರೆ ಮಾಯ!

ಸ್ಪಿರಿಟ್ಟು ನೀರನ್ನು ಕುಡಿದು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತಿತ್ತು. ಚಳಿಯಾದಾಗ ಕಕ್ಕುತ್ತಿತ್ತು.

ಅದನ್ನು ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಮಾರನೆಯ ದಿನ ಅವರು ಬರುವುದಕ್ಕೆ ಒಂದು ಗಂಟೆ ಮುಂಚೆ ಶೆಡ್ಡಿಗೆ ಹೋಗಿ, ಟ್ಯಾಂಕಿನ ತಳದ ಬಿರಡೆ ಸಡಿಲಿಸಿ ಎರಡು ಲೋಟದಷ್ಟು ಇಳಿಸಿದೆ. ಕಾರ್ಬೊರೇಟರಿನ ಬಟ್ಟಲು ಒರೆಸಿಟ್ಟೆ. ಏಳಕ್ಕೆ ಅವರು ಬಂದರು. ಒಂದೇ ಸೆಲ್ಫಿಗೆ ಹತ್ತಿತು.

"ಒಂದು!" ಎಂದು ಕೂಗಿದರು. ಅಪ್ಪ ಸಹಿ ಹಾಕಿದ.

ಅವರ ಮುಖ ಆ ಹೊತ್ತಿಗೆ ಹೇಗಿತ್ತೆಂದರೆ, ನಾಳೆಯೂ ಹಾಗೇ ಇರಲಿ ಅನ್ನಿಸಿತು. ಅಷ್ಟೇ. ಹಾಗೆ ಶುರುವಾಯಿತು.

ಸಂಜೆ ಕಾರು ಬಿಡಲು ಬಂದವರು ಬೇಗ ಹೋಗುತ್ತಿರಲಿಲ್ಲ. ನನ್ನ ಕೆಲಸದ ಹಲಗೆಯ ಎದುರಿಗೆ ಒಂದು ಹಳೆಯ ಟೈರಿನ ಮೇಲೆ ಕೂತು ಟೀ ಕುಡಿಯುತ್ತ ಮಾತು.

"ಡೀಸೆಲ್ ಇಂಜಿನ್ ಅಂದ್ರೆ ಮನೇ ಹಿರಿಯಣ್ಣ. ಗೊಣಗ್ತಾನೆ, ಹೊಗೆ ಬಿಡ್ತಾನೆ, ಆದ್ರೆ ಭಾರ ಹೊರ್ತಾನೆ. ಪೆಟ್ರೋಲು ಕಿರೀ ಮಗ. ಓಡು ಅಂದ್ರೆ ಓಡ್ತಾನೆ, ಹೊರು ಅಂದ್ರೆ ಅಳ್ತಾನೆ. ಏನಂತೀರಿ?"

ನಾನು ಏನೂ ಅನ್ನುತ್ತಿರಲಿಲ್ಲ. ಅವರಿಗೆ ಅದು ಅಡ್ಡಿಯೂ ಆಗುತ್ತಿರಲಿಲ್ಲ.

"ರೆಕ್ಕೆ ಮೇಲಿರೋ ವಿಮಾನ ಕೊಡೆ ಹಿಡ್ಕೊಂಡು ಹೋದ ಹಾಗೆ. ಕೆಳಗೆಲ್ಲ ಕಾಣುತ್ತೆ. ರೆಕ್ಕೆ ಕೆಳಗಿರೋದು ಚಾಪೆ ಮೇಲೆ ಕೂತ ಹಾಗೆ. ಸುಖ, ಆದ್ರೆ ಚಾಪೆ ಕೆಳಗೇನಿದೆ ಗೊತ್ತಾಗಲ್ಲ. ನನಗೆ ಕೊಡೇನೇ ಇಷ್ಟ." ಮತ್ತೊಂದು ದಿನ, "ಹಿಂದೆ ಇದ್ದಲಿನ ಹೊಗೆಯಲ್ಲಿ ಬಸ್ಸು ಓಡಿಸ್ತಿದ್ರಂತೆ, ಬೆನ್ನಿಗೆ ಒಲೆ ಕಟ್ಕೊಂಡು. ಮುಂದೆ ಒಂದು ದಿನ ನೋಡ್ತಿರಿ, ಕಾರೆಲ್ಲ ಬರೀ ಬ್ಯಾಟರೀಲಿ ಓಡ್ತವೆ. ಸದ್ದಿಲ್ಲ, ಹೊಗೆಯಿಲ್ಲ."

"ಚಾರ್ಜ್ ಮುಗಿದ್ರೆ ತಳ್ಳೋರು ಯಾರು?" ಎಂದೆ.

ಅವರ ಕೈಯ ಟೀ ತುಳುಕಿತು. ಬೀಗ ತೆಗೆದ ಸ್ಟೋರ್ ರೂಮಿನೊಳಗೆ ಬಗ್ಗಿ ನೋಡುವವರ ಹಾಗೆ ನನ್ನನ್ನೇ ನೋಡಿದರು. "ಇನ್ನೊಂದ್ಸಲ ಹೇಳಿ."

ಹೇಳಲಿಲ್ಲ. ಸ್ಪ್ಯಾನರ್ ಹುಡುಕುವ ನೆಪದಲ್ಲಿ ಕೆಳಗೆ ಬಗ್ಗಿದೆ.

ಅತ್ತೆ ಎಲ್ಲವನ್ನೂ ನೋಡುತ್ತಿದ್ದಳು. "ಅಲ್ಲ ಕಣೇ, ದಿನಾ ಗ್ರೀಸಲ್ಲಿ ಅದ್ದೋ ಕೈಗೆ ಸಂಜೆ ಹೊತ್ತು ಇಷ್ಟೊಂದು ಸೋಪು ಯಾಕೆ? ರೇಡಿಯೋಗೆ ವಾಸನೆ ಬರುತ್ತಾ?"

ಇನ್ನೊಂದು ಸಂಗತಿ ಇತ್ತು, ಅದು ಅತ್ತೆಗೂ ಗೊತ್ತಿರಲಿಲ್ಲ. ಕಾರನ್ನು ಶೆಡ್ಡಿನಲ್ಲಿ ಯಾವಾಗಲೂ ಮೂತಿ ಹೊರಗಿರುವಂತೆ ನಿಲ್ಲಿಸುತ್ತಿದ್ದರು. ನೀರಿಳಿಸಲು ಹೋದಾಗ ಅದರ ಒಳಗಿನ ಕನ್ನಡಿ ಹಿಂದಿನ ರಸ್ತೆ ಕಾಣದ ಹಾಗೆ ಓರೆಯಾಗಿರುವುದನ್ನು ನೋಡಿದೆ. ಸೀಟಿನಲ್ಲಿ ಕೂತು ನೋಡಿದರೆ ನನ್ನ ಹಲಗೆ, ನನ್ನ ಮಣೆ, ನಾನು ಕೂರುವ ಮೂಲೆ. ಸರಿಮಾಡಿ ರಸ್ತೆಯ ಕಡೆ ತಿರುಗಿಸಿಟ್ಟೆ. ಮಾರನೆಯ ಬೆಳಿಗ್ಗೆ ಮತ್ತೆ ಓರೆ. ಮತ್ತೆ ಸರಿಮಾಡಿದೆ. ಅರವತ್ತು ದಿನ ಅವರು ತಿರುಗಿಸಿದರು, ನಾನು ಸರಿಮಾಡಿದೆ. ಆ ಬಗ್ಗೆ ಒಬ್ಬರಿಗೊಬ್ಬರು ಒಂದು ಮಾತೂ ಆಡಲಿಲ್ಲ.

ಬೆಳಗಿನ ಆ ಒಂದು ಗಂಟೆ ಮಾತ್ರ ನನಗೆ ಕಳ್ಳತನದ ಹಾಗೆ.  ಅಪ್ಪ ಕೆಮ್ಮಿದರೆ ಕಾರಿನ ಕೆಳಗೆ ಉರುಳಿ ಅಡಗುತ್ತಿದ್ದೆ. ನಾನೇನು ಯಾರಿಗೂ ಕೇಡು ಮಾಡುತ್ತಿಲ್ಲ, ಕಾರು ತಾನೇ, ಹತ್ತದಿದ್ದರೆ ನಿಂತಲ್ಲೇ ನಿಲ್ಲುತ್ತದೆ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಅರವತ್ತೆರಡನೆಯ ಸಂಜೆ ಅವರು ಟೈರಿನ ಮೇಲೆ ಕೂರಲಿಲ್ಲ. ನಿಂತೇ ಮಾತಾಡಿದರು.

"ವಿಮಾನದ ಪೆಟ್ರೋಲ್ ಲಾರಿ ಬರ್ಲಿಲ್ಲ. ಈ ವಾರ ಬರೋದೂ ಇಲ್ವಂತೆ. ಬೆಟ್ಟದಾಚೆ ಆಸ್ಪತ್ರೇಲಿ ಮಕ್ಕಳಿಗೆ ಹಾಕೋ ಮದ್ದು ಖಾಲಿಯಾಗಿದೆ. ಹೆಡ್ಡಾಫೀಸಿಗೆ ನೋಟ್‌ಬುಕ್ ಓದಿ ಹೇಳಿದೆ. ಅರವತ್ತೆರಡು ದಿನ, ಒಂದು ದಿನವೂ ಕೈಕೊಟ್ಟಿಲ್ಲ ಅಂದೆ. ಒಪ್ಕೊಂಡ್ರು. ನಾಳೆ ವಿಮಾನಕ್ಕೂ ಇದೇ ಎಣ್ಣೆ. ನಾನು ಹಾರಿಸಿ ತೋರಿಸಿದ್ರೆ ಸೋಮವಾರದಿಂದ ಇನ್ನೂ ಮೂರು ಏರೋಡ್ರಮ್ಮಿಗೆ."

ಅಪ್ಪ, "ಭೇಷ್ ಸಾಹೇಬ್ರೇ" ಎಂದ.

ನನ್ನ ಕೈಯಲ್ಲಿದ್ದ ನಟ್ಟು ಎಲ್ಲಿ ಬಿತ್ತೋ ಗೊತ್ತಿಲ್ಲ.

"ಏನೂ ಹೇಳಲ್ವಾ?" ಎಂದು ನನ್ನನ್ನು ಕೇಳಿದರು. ಮುಖದಲ್ಲಿ ನಗು. "ಹೋಗ್ಬಿಟ್ಟು ಬನ್ನಿ ಅಂತಾದ್ರೂ?"

ಬಾಯಿ ತೆರೆದೆ. ಹೇಳಿದರೆ ಅವರ ಅರವತ್ತೆರಡು ದಿನ ಸುಳ್ಳು, ಅಪ್ಪನ ಅರವತ್ತೆರಡು ಸಹಿ ಸುಳ್ಳು. ಅವರು ಹೋಗಿಬಿಡುತ್ತಾರೆ, ಹೋಗುವಾಗ ನನ್ನನ್ನು ಕಳ್ಳಿಯ ಹಾಗೆ ನೋಡಿ ಹೋಗುತ್ತಾರೆ. ಬಾಯಿ ಮುಚ್ಚಿದೆ.

ಮಲಗಿದಲ್ಲಿ ನನಗೊಂದು ಉಪಾಯ ಹೊಳೆಯಿತು. ಹೇಡಿಯ ಉಪಾಯ. ಬೆಳಿಗ್ಗೆ ಕಾರಿನ ನೀರಿಳಿಸದೆ ಬಿಟ್ಟರಾಯಿತು. ಸೆಲ್ಫ್ ಹತ್ತುವುದಿಲ್ಲ. ಕಾರೇ ನನ್ನ ಪರವಾಗಿ ಹೇಳುತ್ತದೆ, ನಾನು ಬಾಯಿ ಬಿಡುವ ಕೆಲಸವೇ ಇಲ್ಲ.

ಬೆಳಿಗ್ಗೆ ಏಳಕ್ಕೆ ಅವರು ಬಂದರು. ಚರ್ಮದ ಜಾಕೆಟ್ಟು, ಹೊಸದಾಗಿ ಬೋಳಿಸಿದ ಗಲ್ಲ. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಹತ್ತಬೇಡ, ಹತ್ತಬೇಡ ಎಂದು ಮನಸ್ಸಿನಲ್ಲೇ ಕಾರಿಗೆ ಕೈಮುಗಿದೆ.

ಒಂದೇ ಸೆಲ್ಫಿಗೆ ಹತ್ತಿತು.

ಆಗ ತಲೆಯೆತ್ತಿ ಆಕಾಶ ನೋಡಿದೆ. ಮೋಡ ಕವಿದಿತ್ತು. ಮೋಡ ಕವಿದ ದಿನ ಚಳಿ ಕಡಿಮೆ. ತಗಡಿನಲ್ಲಿ ಇಬ್ಬನಿಯೂ ಇರಲಿಲ್ಲ. ನೀರು ಸ್ಪಿರಿಟ್ಟಿನ ಹೊಟ್ಟೆಯಲ್ಲೇ ಇತ್ತು.

"ಅರವತ್ತಮೂರು!" ಎಂದರು. ಅಪ್ಪ ಸಹಿ ಹಾಕಿದ. ಕಾರನ್ನು ಏರೋಡ್ರಮ್ಮಿನ ಗೇಟಿನ ಕಡೆ ತಿರುಗಿಸಿ, ಕನ್ನಡಿಯಲ್ಲಿ ನನ್ನನ್ನು ನೋಡುತ್ತಲೇ ಹೋದರು.

ನಾನು ನಿಂತೇ ಇದ್ದೆ. ಬೇಲಿಯಾಚೆ ಶೆಡ್ಡಿನ ಬಾಗಿಲು ಎಳೆಯುವ ಸದ್ದು. ಏರೋಡ್ರಮ್ಮಿನ ಮ್ಯಾನೇಜರು ವಿಮಾನದ ಮೂತಿಯ ಫ್ಯಾನು ತಿರುಗಿಸುವಾಗ ಕೂಗುವ ಕೂಗು. ಇಂಜಿನ್ನು ಹತ್ತಿತು. ನೆಲದ ಮೇಲೆ ಹತ್ತದೆ ಏನು! ಮೇಲೆ, ಬೆಟ್ಟದ ನೆತ್ತಿಯ ಚಳಿಯಲ್ಲಿ, ಕೆಳಗೆ ಬರೀ ಬಂಡೆ ಇರುವಲ್ಲಿ ಅದು ನೀರು ಕಕ್ಕುತ್ತದೆ. ಅಲ್ಲಿ ಬಟ್ಟಲು ಒರೆಸಲು ನಾನಿರುವುದಿಲ್ಲ.

ಬೇಲಿಯ ತಂತಿ ಎಲ್ಲಿ ಸಡಿಲವೆಂದು ನನಗೆ ಗೊತ್ತಿತ್ತು. ನುಸುಳಿ ವಿಮಾನದ ಕಡೆ ಓಡಿದೆ. ತೋಳಿನ ಮೇಲೆ ತಂತಿ ಗೀರಿದ ಕಲೆ ಇವತ್ತಿಗೂ ಇದೆ.

"ಇಳೀರಿ!"

ಅವರಿಗೆ ಕೇಳಿಸಲಿಲ್ಲ. ಕಿವಿಗೆ ಕೈಯಿಟ್ಟು ಬಗ್ಗಿದರು.

"ಇಂಜಿನ್ ನಿಲ್ಸಿ! ಇಳೀರಿ ಕೆಳಗೆ!"

ಅಷ್ಟು ದೊಡ್ಡ ದನಿ ನನ್ನಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ. ಮ್ಯಾನೇಜರು ಎರಡು ಹೆಜ್ಜೆ ಹಿಂದೆ ಸರಿದು, "ಗ್ಯಾರೇಜಿನ ಮೂಗಿ ಅಲ್ವಾ ಇದು? ಮಾತಾಡ್ತಾಳೆ!" ಎಂದರು. ಆಮೇಲೆ ನೆನಪಾಗಿ, "ಹೊರಗಿನೋರು ಒಳಗೆ ಬರೋ ಹಾಗಿಲ್ಲಮ್ಮ."

ಇಂಜಿನ್ನು ನಿಂತಿತು. ಫ್ಯಾನು ಎರಡು ಸುತ್ತು ತಾನೇ ತಿರುಗಿ ನಿಂತಿತು.

"ಎಣ್ಣೆಯಲ್ಲಿ ನೀರಿದೆ," ಎಂದೆ.

ಅವರು ನಕ್ಕರು. ಸೀಟಿನ ಪಕ್ಕದಿಂದ ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. "ಈಗಷ್ಟೇ ರೆಕ್ಕೆ ಕೆಳಗಿನ ನಲ್ಲಿಯಿಂದ ಹಿಡಿದದ್ದು. ನೋಡಿ. ಗೆರೆ ಎಲ್ಲಿದೆ?"

"ಈಗ ಕಾಣಲ್ಲ. ಚಳಿಗೆ ಕಾಣುತ್ತೆ."

"ನನ್ನ ಕಾರು ಅರವತ್ತಮೂರು ದಿನ ಚಳೀಲೇ ನಿಂತಿತ್ತು. ಒಂದು ದಿನ ಕೈಕೊಟ್ಟಿಲ್ಲ. ನಿಮ್ಮಪ್ಪಾಜಿ ಸಹಿ ಇದೆ."

"ದಿನಾ ಕೈಕೊಡ್ತಿತ್ತು. ಇವತ್ತೊಂದು ದಿನ ಬಿಟ್ಟು."

"ಅಂದ್ರೆ?"

"ದಿನಾ ಆರು ಗಂಟೆಗೆ ನಾನು ನೀರು ಇಳಿಸ್ತಿದ್ದೆ. ನಿಮ್ಮ ಕಾರು ಓಡಿದ್ದು ನಿಮ್ಮ ಎಣ್ಣೆಯಿಂದಲ್ಲ."

 ಅವರ ಮುಖದ ನಗು ಹೋಗಿರಲಿಲ್ಲ, ಅಲ್ಲೇ ಒಣಗಿತ್ತು.

"ನನ್ನನ್ನ ತಡೆಯೋಕೆ ಹೀಗೆ ಹೇಳ್ತಿದೀರಾ? ಭಯಕ್ಕೆ?"

ಮಾತು ಸಾಲದೆ ಹೋಯಿತು ನನಗೆ. ರೆಕ್ಕೆಗೆ ಆಸರೆ ಕೊಟ್ಟ ಕಂಬಿ ಹಿಡಿದು ಹತ್ತಿ, ಪಕ್ಕದ ಸೀಟಿನಲ್ಲಿ ಬಿಗಿದಿದ್ದ ಐಸ್ ಪೆಟ್ಟಿಗೆಯನ್ನು ತೊಡೆಯ ಮೇಲೆಳೆದುಕೊಂಡು ಕೂತೆ. ಅವರ ಕೈಯಿಂದ ಬಾಟಲಿ ಕಿತ್ತುಕೊಂಡು, ಮುಚ್ಚಳ ಬಿಗಿಮಾಡಿ, ಔಷಧಿ ಡಬ್ಬಿಗಳ ನಡುವೆ ಐಸಿನೊಳಗೆ ಹುಗಿದೆ.

"ಹತ್ತು ನಿಮಿಷ. ಗೆರೆ ಬರದಿದ್ರೆ ಹಾರಿಸಿ. ನನ್ನನ್ನೂ ಕರ್ಕೊಂಡು ಹಾರಿಸಿ. ನಾನಂತೂ ಇಳಿಯಲ್ಲ."

ಮ್ಯಾನೇಜರು ಗಡಿಯಾರ ನೋಡಿದರು. "ಸಾರ್, ಆಸ್ಪತ್ರೆಯೋರು ಕಾಯ್ತಿರ್ತಾರೆ."

"ಹತ್ತು ನಿಮಿಷ," ಎಂದರು ಅವರು. ನನ್ನ ಕಡೆ ನೋಡಲಿಲ್ಲ. ಎದುರಿನ ಮೀಟರುಗಳ ಮುಳ್ಳುಗಳನ್ನೇ ನೋಡುತ್ತ ಕೂತರು. ನಮ್ಮ ಭುಜಗಳ ನಡುವೆ ಒಂದು ಬೆರಳಷ್ಟೂ ಜಾಗವಿರಲಿಲ್ಲ. ಅವರ ತೋಳು ಬಿಗಿದುಕೊಂಡಿದ್ದು ಜಾಕೆಟ್ಟಿನ ಒಳಗಿಂದಲೇ ತಿಳಿಯುತ್ತಿತ್ತು.

"ಯಾಕೆ?" ಎಂದರು ಕೊನೆಗೆ. "ದಿನಾ ಎದ್ದು ಆ ಚಳೀಲಿ. ಯಾಕೆ?"

"ಒಂದು ದಿನ ಹತ್ತದಿದ್ರೆ ನಿಮ್ಮನ್ನ ವಾಪಸ್ ಕರೆಸ್ತಾರೆ ಅಂದಿದ್ರಿ."

"ಹೂಂ. ಅದಕ್ಕೆ?"

"ನೀವು ಹೋಗ್ತೀರಲ್ಲ."

ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು. ಕಣ್ಣಲ್ಲಿ ಸಿಟ್ಟಿತ್ತು. ಸಿಟ್ಟಿನ ಹಿಂದೆ ಇನ್ನೇನೋ ಇತ್ತು, ಅದನ್ನು ನಾನು ಕನ್ನಡಿ ಸರಿಮಾಡುವ ಬೆಳಗುಗಳಲ್ಲಿ ಊಹಿಸಿಕೊಂಡದ್ದೇ ಹೊರತು ನೇರವಾಗಿ ನೋಡಿರಲಿಲ್ಲ. 

ಐದು ನಿಮಿಷಕ್ಕೆ ಮ್ಯಾನೇಜರು ತಡೆಯಲಾರದೆ ಬಾಟಲಿ ಎಳೆದರು. ಕಣ್ಣೀರಿನಷ್ಟು ತಿಳಿ. "ಏನಿಲ್ಲ ನೋಡಿ. ಇಳಿಯಮ್ಮ, ಸಾಕು."

"ಇನ್ನೂ ಐದಿದೆ," ಎಂದೆ.  ಆ ಐಸು ಬೆಟ್ಟದಷ್ಟು ತಣ್ಣಗಿದೆಯೋ ಇಲ್ಲವೋ, ಈ ಡ್ರಮ್ಮಿನ ಸ್ಪಿರಿಟ್ಟು ಎಷ್ಟು ನೀರು ಕುಡಿದಿದೆಯೋ, ನನಗೆ ಖಂಡಿತ ಗೊತ್ತಿರಲಿಲ್ಲ. ಮೂರನೆಯ ಕ್ಲಾಸಿನವಳು ಹೇಳುತ್ತಿದ್ದಾಳೆ, ಓದಿದವರು ಕೇಳುತ್ತ ಕೂತಿದ್ದಾರೆ.

ಹತ್ತು ನಿಮಿಷವಾಯಿತು. ಈ ಸಲ ಬಾಟಲಿಯನ್ನು ಅವರೇ ತೆಗೆದರು. ಜಾಕೆಟ್ಟಿನ ತೋಳಿನಿಂದ ಒರೆಸಿ ಆಕಾಶಕ್ಕೆ ಹಿಡಿದರು.

ಅಕ್ಕಿ ತೊಳೆದ ನೀರು. ನಾವು ನೋಡುತ್ತಿದ್ದಂತೆ ಅದು ತಿಳಿಯಾಗುತ್ತ ಬಂತು, ತಳದಲ್ಲಿ ಕಿರುಬೆರಳಿನಷ್ಟು ದಪ್ಪಕ್ಕೆ ಬೇರೆಯಾಗಿ ಕೂತಿತು. ಗೆರೆ. ಸ್ಕೇಲಿಟ್ಟು ಎಳೆದ ಹಾಗೆ.

ಮ್ಯಾನೇಜರು ಕಂಬಕ್ಕೆ ಒರಗಿ ಕೂತುಬಿಟ್ಟರು.

ರೇಡಿಯೋ ನಿಂತುಹೋಯಿತು. ನನಗೆ ಅದರಿಂದಲೇ ಹೆಚ್ಚು ಭಯವಾಯಿತು. ಬಾಟಲಿ ಹಿಡಿದುಕೊಂಡು ಆಫೀಸಿಗೆ ಹೋದರು. ತೆರೆದ ಕಿಟಕಿಯಿಂದ ಫೋನಿನ ಮಾತು ಕೇಳಿಸಿತು. "ಮೂರೂ ಏರೋಡ್ರಮ್ಮಿಗೆ ಹೇಳಿ, ಯಾರೂ ತುಂಬಿಸಬಾರದು. ಹೌದು. ನನ್ನ ಪರೀಕ್ಷೆ ತಪ್ಪು. ಇಲ್ಲ, ಬೇರೆ ಯಾರದೂ ಅಲ್ಲ. ತಪ್ಪು ನನ್ನದೇ."

ವಿಮಾನದ ಟ್ಯಾಂಕು, ಪೈಪು ಎಲ್ಲ ತೊಳೆಯಲು ಒಂದು ದಿನ ಬೇಕು. ಔಷಧಿ ಕಾಯುವುದಿಲ್ಲ. ನಾನು ಅಪ್ಪನ ಡೀಸೆಲ್ ವ್ಯಾನು ತಂದು ನಿಲ್ಲಿಸಿದೆ. ಅವರು ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತರು. ಬೆಟ್ಟದ ರಸ್ತೆ, ಐದು ಗಂಟೆ. ಅವರ ಬಾಯಿಂದ ಒಂದು ಮಾತಿಲ್ಲ.

ಆ ಮೌನ ನನಗೆ ಹೊರಲಾಗಲಿಲ್ಲ. ಹಾಗಾಗಿ ನಾನೇ ಮಾತಾಡಿದೆ. ಮೊದಲ ದಿನ ಅವರು ಕಾರಿನ ಹಾಗೆ ಕೆಮ್ಮಿದ್ದು, ನಗು ತಡೆದದ್ದು, ಕಿಟಕಿಯ ಕಲ್ಲಿನ ಮೇಲೆ ಬಾಟಲಿ ಇಟ್ಟದ್ದು. ಅಮ್ಮ ಸತ್ತ ವರ್ಷದಿಂದ ಮಾತು ಕಡಿಮೆಯಾದದ್ದು. ಕನ್ನಡಿ ಸರಿಮಾಡಿದ್ದು. ಒಂದೊಂದು ತಿರುವಿಗೆ ಒಂದೊಂದು ಹೇಳಿದೆ. ಅಲ್ಲಿಂದ ಆಡದೆ ಉಳಿಸಿದ್ದನ್ನೆಲ್ಲ ಅವತ್ತೇ ಆಡಿ ಮುಗಿಸಿದೆನೇನೋ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಕನ್ನಡಿಯ ಮಾತು ಬಂದಾಗ ಮಾತ್ರ ಕಿವಿ ಕೆಂಪಾಯಿತು.

ಆಸ್ಪತ್ರೆಯ ಬಾಗಿಲಲ್ಲಿ ನರ್ಸಮ್ಮ ಪೆಟ್ಟಿಗೆ ತೆರೆದರು. ಮುಷ್ಟಿಯಷ್ಟು ಐಸು ಉಳಿದಿತ್ತು. "ಸದ್ಯ," ಎಂದರು. "ವಿಮಾನ ಯಾಕೆ ಬರ್ಲಿಲ್ಲ ಸಾರ್?"

"ಇವರು ಬಿಡ್ಲಿಲ್ಲ," ಎಂದರು. ವ್ಯಾನು ಹತ್ತಿದ ಮೇಲೆ ಅವರಾಡಿದ ಮೊದಲ ಮಾತು ಅದು.

ವಾಪಸ್ ಬರುವಾಗ ಅರ್ಧ ಬೆಟ್ಟ ಇಳಿದ ಮೇಲೆ, "ನನಗೆ ಸಿಟ್ಟಿದೆ," ಎಂದರು.

"ಇರ್ಲಿ."

"ಬೇಗ ಹೋಗಲ್ಲ ಅದು."

"ಡೀಸೆಲ್ ಇಂಜಿನ್ನು. ಬಿಸಿಯಾಗೋಕೂ ಹೊತ್ತು, ಆರೋಕೂ ಹೊತ್ತು. ನೀವೇ ಹೇಳಿದ್ದು."

"ನಾನು ಹಾಗೆ ಹೇಳೇ ಇಲ್ಲ. ಹಿರಿಯಣ್ಣ ಅಂದಿದ್ದೆ." ಆಮೇಲೆ ನಕ್ಕರು. ಗೇರಿನ ಮೇಲಿದ್ದ ನನ್ನ ಕೈಯ ಮೇಲೆ ಅವರ ಕೈ ಬಂತು. ಮುಂದಿನ ತಿರುವಿನಲ್ಲಿ ಗೇರು ಇಳಿಸಬೇಕಿತ್ತು. ಇಬ್ಬರೂ ಸೇರಿ ಇಳಿಸಿದೆವು.

ಮನೆಯಲ್ಲಿ ಅಪ್ಪನ ಎದುರು ನಿಲ್ಲುವುದು ಎಲ್ಲಕ್ಕಿಂತ ಕಷ್ಟವಾಯಿತು. ಬೈಯಲಿಲ್ಲ. ನೋಟ್‌ಬುಕ್ ತರಿಸಿಕೊಂಡ. ಕನ್ನಡಕ ಹಾಕಿಕೊಂಡು, ಒಂದೊಂದೇ ಪುಟ ತಿರುಗಿಸಿ ಅರವತ್ತಮೂರು ಸಹಿಯನ್ನೂ ಅಡ್ಡಗೀರು ಎಳೆದು ಹೊಡೆದುಹಾಕಿದ. ದೀಪ ಹಚ್ಚುವ ಹೊತ್ತಿಗೆ ಮುಗಿಯಿತು.

"ಮೂವತ್ತು ವರ್ಷ ಗ್ಯಾರೇಜು ನಡೆಸಿದೀನಿ. ನನ್ನ ಸಹಿ ಸುಳ್ಳು ಹೇಳಿರ್ಲಿಲ್ಲ ಕಣೇ ಕೂಸೇ," ಎಂದ. ನಾನು ಅವನ ಮಂಡಿಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅತ್ತೆ ಬಾಗಿಲಿನಿಂದಲೇ ತಿರುಗಿ ಟೀ ಇಡಲು ಒಳಗೆ ಹೋದಳು.

ಅವರು ಹೆಡ್ಡಾಫೀಸಿಗೆ ಕಾಗದ ಬರೆದರು. ನನ್ನ ವಿಷಯ ಬಿಟ್ಟು ಬರೆದಿದ್ದರು. ಓದಿಸಿ ಕೇಳಿದೆ. "ನನ್ನದೂ ಬರೀರಿ," ಎಂದೆ. ಬರೆದರು. ಕೆಳಗೆ ಅಕ್ಷರ ಕೂಡಿಸಿ ಸಹಿ ಹಾಕಿದೆ. ಮೂರು ವಾರಕ್ಕೆ ಉತ್ತರ ಬಂತು. ಅವರು ಒಂದು ವರ್ಷ ಹಾರುವಂತಿಲ್ಲ. ದೂರದ ದೊಡ್ಡ ಶೆಡ್ಡಿನಲ್ಲಿ, ನೆಲದ ಮೇಲೆ, ಇಂಜಿನ್ ರಿಪೇರಿ ವಿಭಾಗದಲ್ಲಿ ಕೆಲಸ. ಶನಿವಾರ ಹಾಜರಾಗಬೇಕು. ಯಾವುದಕ್ಕೆ ಹೆದರಿ ಎರಡು ತಿಂಗಳು ಕಳ್ಳತನ ಮಾಡಿದ್ದೆನೋ, ಅದೇ ಆಯಿತು.

ಅವರು ಕಾಗದ ಮಡಚಿ ಜೇಬಿಗಿಟ್ಟು ಟೈರಿನ ಮೇಲೆ ಕೂತರು. "ರಿಪೇರಿ ವಿಭಾಗ. ನನಗೆ ಸ್ಪ್ಯಾನರ್ ಯಾವ ಕಡೆಯಿಂದ ಹಿಡೀಬೇಕು ಅಂತಾನೂ ಗೊತ್ತಿಲ್ಲ. ಬಾಯಲ್ಲಿ ಬಿಚ್ಚೋಕಾಗಲ್ವಲ್ಲ ಇಂಜಿನ್ನು." ಕಪ್ಪನ್ನು ಕೈಯಲ್ಲಿ ತಿರುಗಿಸಿದರು. "ಕಲಿಸೋರು ಬೇಕು. ಜತೆಗೆ ಇರೋರು. ದಿನಾ."

"ದಿನಾ ಅಂದ್ರೆ ಎಷ್ಟು ದಿನ?"

"ಈ ಸಲ ಎಣಿಸಲ್ಲ," ಎಂದರು.

ಈಗ ಅವರಿಗೆ ಎಂಬತ್ತು ದಾಟಿದೆ. ಮಗಳು ಬ್ಯಾಟರಿ ಕಾರು ತಂದಿದ್ದಾಳೆ, ಸದ್ದಿಲ್ಲ, ಹೊಗೆಯಿಲ್ಲ. ನಾನು ಅವತ್ತೇ ಹೇಳಿದ್ದೆ ಎಂದು ಬಂದವರಿಗೆಲ್ಲ ಹೇಳುತ್ತಾರೆ. ಹೋದ ತಿಂಗಳು ಅದು ದಾರಿಯಲ್ಲಿ ಚಾರ್ಜ್ ಮುಗಿದು ನಿಂತಾಗ ತಳ್ಳಿದ್ದು ನಾನು. ಅದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ.

ಆಗ, ಆ ಶನಿವಾರಕ್ಕೆ ಎರಡು ದಿನ ಮುಂಚೆ, ಗುರುವಾರ ರಿಜಿಸ್ಟ್ರಾರ್ ಆಫೀಸಿನಲ್ಲಿ ನಮ್ಮ ಮದುವೆಗೆ ಅಪ್ಪ ಸಾಕ್ಷಿಯ ಜಾಗದಲ್ಲಿ ಪೆನ್ನು ಊರಿದ. "ಇದು ಅರವತ್ತನಾಲ್ಕನೇದು," ಎಂದ. "ಇದನ್ನ ಹೊಡೆದುಹಾಕೋ ಹಾಗೆ ಮಾಡ್ಬೇಡಿ." ಸಹಿ ಹಾಕಿದ.

ಮಾರನೆಯ ಬೆಳಿಗ್ಗೆ ಆರೂಮುಕ್ಕಾಲಿಗೆ ಬ್ಯಾಗುಗಳನ್ನು ಬಿಳಿ ಕಾರಿಗೆ ಹಾಕಿದೆವು. ಟ್ಯಾಂಕಿನಲ್ಲಿ ಅಪ್ಪ ಉಳಿಸಿಟ್ಟಿದ್ದ ಬರಿಯ ಪೆಟ್ರೋಲು. ಅವರು ಡ್ರೈವರ್ ಬಾಗಿಲಿಗೆ ಕೈಹಾಕಿದರು. ನಾನು ಬೀಗದಕೈ ತೆಗೆದುಕೊಂಡೆ.

"ನೀವು ಮಾತಾಡಿ," ಎಂದೆ. "ನಾನು ಓಡಿಸ್ತೀನಿ."

ಒಳಗೆ ಕೂತಾಗ ಕನ್ನಡಿ ಓರೆಯಾಗಿತ್ತು. ಅದರಲ್ಲಿ ನನ್ನ ಹಲಗೆ, ಖಾಲಿ ಮಣೆ, ಅದರ ಪಕ್ಕದಲ್ಲಿ ಅಪ್ಪ, ಸೆರಗಿನಲ್ಲಿ ಮೂಗು ಒರೆಸುತ್ತಿದ್ದ ಅತ್ತೆ. ರಸ್ತೆ ಮುಟ್ಟುವವರೆಗೆ ಹಾಗೇ ಇರಲಿ ಎಂದು ಸರಿಮಾಡದೆ ಸೆಲ್ಫ್ ಹೊಡೆದೆ.

ಒಂದೇ ಸೆಲ್ಫಿಗೆ ಹತ್ತಿತು. ಚಳಿಗಾಲದ ಕೊನೆಯ ಶುಕ್ರವಾರ ಅದು. ಹೊರಟವರು ನಾವಿಬ್ಬರು.